ಉಪ್ಪು ತಿಂದ ಕಾಗದ

ನನ್ನ ಮೇಜಿಗೆ ಬಂದಾಗ ಅವಳಿಗೆ ಹೆಸರಿರಲಿಲ್ಲ,
ಒಂದು ನಂಬರು, ಒಂದು ಚೀಟಿ:
"ಹೆಂಗಸು. ಜಲವರ್ಣ. ಮಾಲ್ಟಾ, ಯುದ್ಧಕಾಲ.
ಚಿತ್ರಕಾರ ವಿಸ್ತಿನ್ ಶೆಂಬ್ರಿ, ಹೆಚ್ಚು ತಿಳಿದಿಲ್ಲ.
ಮುಖದ ಮೇಲೆ ಬೂಷ್ಟು. ತೆಗೆಯುವುದು."

ಹೆಚ್ಚು ತಿಳಿದಿಲ್ಲ, ನಿಜ.
ದಕ್ಕೆಯ ಮುದುಕರು ಹೇಳುವುದು ಇಷ್ಟೆ:
ದೋಣಿಗಳಿಗೆ ಕಣ್ಣು ಬರೆಯುತ್ತಿದ್ದ,
ಮೂತಿಯ ಎಡಬಲಕ್ಕೆ ಒಂದೊಂದು, ಹುಬ್ಬು ಸಮೇತ,
ಕತ್ತಲ ಕಡಲಲ್ಲಿ ಅವು ದಾರಿ ತಪ್ಪಬಾರದೆಂದು.
ಕಣ್ಣಿಗಿಷ್ಟು ಎಂದು ಕೂಲಿ; ಕಾಸಿಲ್ಲದವರು ಮೀನು ಕೊಟ್ಟರು.
ಯುದ್ಧ ಬಂತು. ದೋಣಿಗಳು ದಡಕ್ಕೆ ಕವುಚಿ ಮಲಗಿದವು.

ಕಾಗದ ತಿರುಗಿಸಿದೆ.
ಹಿಂಬದಿಗೆ ಬಂದರು ಕಚೇರಿಯ ಪಟ್ಟಿ, ನೇರಳೆ ಮಸಿ:
ಗೋಧಿಹಿಟ್ಟು, ಇನ್ನೂರು ಮೂಟೆ.
ಸಾಬೂನು. ಸೀಮೆಎಣ್ಣೆ. ಡಬ್ಬಿ ಹಾಲು.
'ಬಂದದ್ದು' ಎಂಬ ಕಾಲಮ್ಮಿನಲ್ಲಿ
ಮೇಲಿಂದ ಕೆಳಗೆ ಒಂದೇ ಗೀಟು.
ಬೆಳಕಿಗೆ ಹಿಡಿದರೆ ಆ ಗೀಟು ಅವಳ ಕೊರಳನ್ನು ಹಾಯುತ್ತದೆ,
ಹಿಟ್ಟು ಎನ್ನುವ ಅಕ್ಷರ ಕೆನ್ನೆಯೊಳಗಿಂದ
ತಿರುವುಮುರುವಾಗಿ ಇಣುಕುತ್ತದೆ.

ಗ್ರೆಟ್ಸಿಯಾ ಇರಬಹುದು, ಎಂದರು ಒಬ್ಬ ಮುದುಕಿ ಫೋನಿನಲ್ಲಿ,
ಹಿಂದೆ ಟೀವಿಯಲ್ಲಿ ಫುಟ್‌ಬಾಲು ಅರಚುತ್ತಿತ್ತು.
ನಮ್ಮಮ್ಮನ ಅಕ್ಕ. ಲೇಸು ಹೆಣೆಯುವವಳು.
ಬಂಡೆ ಕೊರೆದ ಬಿಲದಲ್ಲಿ ಐವತ್ತು ಜನರ ನಡುವೆ
ಹುಲ್ಲುದಿಂಬನ್ನು ಮಂಡಿಗೊರಗಿಸಿ
ಕತ್ತಲಲ್ಲೇ ಮರದ ಕಡ್ಡಿ ಉರುಳಿಸುತ್ತಿದ್ದಳು, ಟಿಕಟಿಕ ಟಿಕಟಿಕ.
ಮೇಲೆ ಬಾಂಬು ಬೀಳುವಾಗ ಎಲ್ಲರ ಕಿವಿ ಆ ಸದ್ದಿನ ಮೇಲೆ,
ಅದು ನಿಂತರೆ ಮಾತ್ರ ಹೆದರಬೇಕೆಂದು.
"ನಿಂತಿತ್ತೆ?" ಕೇಳಿದೆ.
"ನೂಲು ಮುಗಿದ ದಿನ."

ಆ ದಿನವೇ ಇರಬೇಕು ಇವನು ಬರೆದದ್ದು.
ಮಡಿಲಲ್ಲಿ ಬರಿದಾದ ದಿಂಬು,
ಕಡ್ಡಿಗಳು ಬುಟ್ಟಿಯ ಮೀನಿನಂತೆ ಸಾಲಾಗಿ.
ಕರಿ ಮುಸುಕನ್ನು ಒಂದೇ ಬೀಸಿಗೆ ಎಳೆದಿದ್ದಾನೆ, ಒದ್ದೆಯ ಮೇಲೆ ಒದ್ದೆ,
ಅಂಚು ಗೋಡೆಯೊಳಕ್ಕೆ ಹರಿದುಹೋಗಿದೆ.
ಮೂಗು ಚೆನ್ನಾಗಿಲ್ಲ. ಕಿವಿ ತೀರಾ ಕೆಳಗೆ.
ಬೆರಳು ಬರೆಯಲು ಬಾರದೆ ಎಡಗೈಯನ್ನು
ಮುಸುಕಿನಡಿ ಅಡಗಿಸಿಬಿಟ್ಟಿದ್ದಾನೆ, ಪಾಪ.
ಆದರೆ ಕಣ್ಣು!
ಅಲ್ಲಿಗೆ ಬಂದಾಗ ಕೈ ನಡುಗಿಲ್ಲ.
ದುಂಡಗೆ, ರೆಪ್ಪೆಯಿಲ್ಲದೆ, ಅಗಲ ಹುಬ್ಬಿನ ಕೆಳಗೆ
ನನ್ನನ್ನಲ್ಲ, ನನ್ನ ಬೆನ್ನ ಹಿಂದಿನ ನೀರನ್ನು ನೋಡುವ
ದೋಣಿಯ ಕಣ್ಣು.

ಇನ್ನು ಬೂಷ್ಟು.
ಭೂತಗನ್ನಡಿಯಲ್ಲಿ ಅದಕ್ಕೆ ಮೂಲೆಗಳಿದ್ದವು.
ಬೂಷ್ಟಿಗೆ ಮೂಲೆ ಇರುವುದಿಲ್ಲ.
ಮಾಡಬಾರದ್ದನ್ನು ಮಾಡಿದೆ:
ಸೂಜಿಮೊನೆಯಷ್ಟು ಎತ್ತಿ ನಾಲಿಗೆಗಿಟ್ಟೆ.
ಉಪ್ಪು.

ಕುಡಿಯುವ ನೀರನ್ನು ಅಳೆದು ಕೊಟ್ಟ ಬೇಸಗೆ,
ಕುಂಚ ಅದ್ದಲು ಯಾರು ಕೊಟ್ಟಾರು?
ದಕ್ಕೆಯ ಮೆಟ್ಟಿಲಿಳಿದು ಡಬ್ಬಿ ಮುಳುಗಿಸಿರಬೇಕು.
ಎಣ್ಣೆ ತೇಲುವ ನೀರು, ಹಡಗು ನುಂಗಿದ ನೀರು,
ಇನ್ನೂರು ಮೂಟೆ ಹಿಟ್ಟು ಕದಡಿಹೋದ ನೀರು,
ಅದರಲ್ಲೇ ಅವಳ ಕೆನ್ನೆಗೆ ಬಣ್ಣ ಕಲಸಿದ.

ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.
ಆಗ್ನೇಯದ ಬಿಸಿಗಾಳಿ ಬೀಸಿದ ದಿನ
ಕಿಟಕಿ ಬೆವರುತ್ತದೆ, ಕಾಗದ ಮೆಲ್ಲಗೆ ಉಬ್ಬುತ್ತದೆ,
ಮುಸುಕು ಮತ್ತಷ್ಟು ಕಪ್ಪಾಗಿ
ಎಂಬತ್ತು ವರ್ಷದ ಬಣ್ಣ ಬೆರಳಿಗೆ ತುಸು ಅಂಟುತ್ತದೆ.
ಅಳುತ್ತಾಳೆ ನೋಡಿ, ಅಂದ ಕಾವಲಿನವನು.
ಇಲ್ಲ ಮಾರಾಯ, ಒಣಗಿಲ್ಲ, ಅಷ್ಟೆ.

ಹದವರಿತು ತೊಳೆದರೆ ಒಂದು ಬೆಳಗಿನ ಕೆಲಸ.
ನಲ್ಲಿ ತಿರುಗಿಸಿದೆ, ತಟ್ಟೆ ತುಂಬಿತು.
ಎಷ್ಟೊಂದು ನೀರು, ಸರದಿಯಲ್ಲಿ ಯಾರೂ ನಿಲ್ಲದೆ.
ಬಹಳ ಹೊತ್ತು ಅದರ ಮುಂದೆ ನಿಂತಿದ್ದು
ಕಿಟಕಿಯ ಜಿರೇನಿಯಂ ಕುಂಡಕ್ಕೆ ಸುರಿದೆ.
ಚೀಟಿಯಲ್ಲಿ 'ಬೂಷ್ಟು' ಹೊಡೆದು 'ಸಮುದ್ರ' ಎಂದು ಬರೆದೆ.
ಮೇಲಿನವರು ಒಪ್ಪಲಾರರು.

ಸಂಜೆ ಮತ್ತೆ ಫೋನು, ಈಗ ಟೀವಿ ಆರಿಸಿದ್ದರು.
"ಎಡಗೈ ಹೇಗೆ ಬರೆದಿದ್ದಾನೆ?
ಅವಳಿಗೆ ಎರಡು ಬೆರಳಿರಲಿಲ್ಲ. ಮೊದಲ ವರ್ಷವೇ ಹೋದವು."
"ಕೈ ಕಾಣುವುದಿಲ್ಲ," ಎಂದೆ.
ಆ ಕಡೆ ಉಸಿರು ಮಾತ್ರ.
"ಹಾಗಾದರೆ ಅವಳೇ," ಎಂದರು.